ಬಲ ಸಮವಾದ ಮೇಲೂ ಬೀಳುವುದು ಯಾಕೆ ನಿಲ್ಲುವುದಿಲ್ಲ? ಕಾಗದದ ಬಟ್ಟಲು ಹಿಡಿದು ಅಳೆದೇ ನೋಡಿ

‘ಕೆಳಗೆ ಎಳೆಯುವ ಬಲವೂ ಮೇಲೆ ತಳ್ಳುವ ಬಲವೂ ಸಮವಾದರೆ ವಸ್ತು ಗಾಳಿಯಲ್ಲಿ ಅಲ್ಲೇ ನಿಲ್ಲಬೇಕಲ್ಲ? ಮತ್ತೆ ಯಾಕೆ ಬೀಳುತ್ತಲೇ ಇರುತ್ತದೆ?’ ಹೈಸ್ಕೂಲಿನ ಮಕ್ಕಳಿಂದ ಹಿಡಿದು ಅವರನ್ನು ಓದಿಸಲು ಕೂರುವ ಅಪ್ಪ ಅಮ್ಮಂದಿರವರೆಗೆ ಎಲ್ಲರೂ ಕೇಳುವುದು ಇದನ್ನೇ. ಉತ್ತರ ಒಂದು ಸಾಲಿನದ್ದು: ಬಲ ಬೇಕಾಗುವುದು ವೇಗವನ್ನು ಬದಲಿಸಲಿಕ್ಕೆ, ಇರುವ ವೇಗವನ್ನು ಕಾಪಾಡಿಕೊಳ್ಳಲಿಕ್ಕೆ ಅಲ್ಲ. ಬಲಗಳು ಸಮವಾದ ಗಳಿಗೆಯಲ್ಲಿ ವಸ್ತುವಿಗೆ ಎಷ್ಟು ವೇಗ ಇತ್ತೋ ಅಷ್ಟೇ ವೇಗದಲ್ಲಿ ಅದು ಮುಂದುವರಿಯುತ್ತದೆ. ನಿಂತಿದ್ದದ್ದು ನಿಂತೇ ಇರುತ್ತದೆ, ಬೀಳುತ್ತಿದ್ದದ್ದು ಬೀಳುತ್ತಲೇ ಇರುತ್ತದೆ.

ಈ ಸಾಲನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಅಳೆದು ನೋಡುವ ದಾರಿ ಹೇಳಿದೆ. ಬೇಕರಿಯ ಕಾಗದದ ಬಟ್ಟಲು ಮತ್ತು ಒಂದು ಮೊಬೈಲು ಇದ್ದರೆ ಒಂದು ಬೆಳಗ್ಗೆಯಲ್ಲಿ ಮುಗಿಯುವ ಕೆಲಸ. ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲೆಗಳ ವಿಜ್ಞಾನ ಮೇಳಕ್ಕೆ, ಒಯ್ಯುವಷ್ಟು ಗಟ್ಟಿಯೂ ಹೌದು.

ಮೊದಲು ಶಬ್ದಗಳ ಗೊಂದಲ ಕಳೆಯೋಣ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆಲ್ಲೂ ಇಲ್ಲದ ತೊಂದರೆ ಒಂದಿದೆ. ಪುಸ್ತಕ ಕನ್ನಡದ್ದು, ಟ್ಯೂಷನ್ನೋ ಟಿವಿ ಪಾಠವೋ ಮಲಯಾಳದ್ದು. ಕನ್ನಡದಲ್ಲಿ ‘ವೇಗೋತ್ಕರ್ಷ’ ಅನ್ನುವುದನ್ನು ಮಲಯಾಳದಲ್ಲಿ ‘ತ್ವರಣಂ’ ಅನ್ನುತ್ತಾರೆ. ನಮ್ಮ ‘ದ್ರವ್ಯರಾಶಿ’ ಅವರ ‘ಪಿಂಡಂ’. ಎಡವಟ್ಟಾಗುವುದು ‘ವೇಗ’ದಲ್ಲಿ. ಕನ್ನಡ ಪುಸ್ತಕದ ‘ವೇಗ’ಕ್ಕೆ ದಿಕ್ಕೂ ಸೇರಿದೆ, ದಿಕ್ಕಿಲ್ಲದ್ದು ‘ಜವ’. ಮಲಯಾಳದಲ್ಲಿ ದಿಕ್ಕು ಸೇರಿದ್ದು ‘ಪ್ರವೇಗಂ’, ಬರೀ ‘ವೇಗಂ’ ಅಂದರೆ ದಿಕ್ಕಿಲ್ಲದ್ದು. ಎರಡೂ ಭಾಷೆಯ ಶಬ್ದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎದುರು ಬದುರಾಗಿ ಬರೆದಿಟ್ಟುಕೊಳ್ಳಿ.

ಈ ಲೇಖನಕ್ಕೆ ಬೇಕಾದವು ಇಷ್ಟೇ. ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿ ಎಷ್ಟು ಸರಕು ಇದೆ ಎಂಬುದು, ಅಳತೆ ಗ್ರಾಮ್‌ನಲ್ಲಿ. ತೂಕ ಎಂದರೆ ಆ ಸರಕನ್ನು ಭೂಮಿ ಎಳೆಯುವ ಬಲ, ಅಳತೆ ನ್ಯೂಟನ್‌ನಲ್ಲಿ. ಗಾಳಿಯ ತಡೆ ಎಂದರೆ ಬೀಳುವ ವಸ್ತುವನ್ನು ಗಾಳಿ ಮೇಲ್ಮುಖವಾಗಿ ತಳ್ಳುವ ಬಲ. ಫಲಿತ ಬಲ ಎಂದರೆ ಒಂದರಿಂದ ಒಂದನ್ನು ಕಳೆದು ಉಳಿದದ್ದು. ಅದು ಸೊನ್ನೆಯಾದಾಗ ಬಲಗಳು ಸಮತೋಲಿತ, ಕೆಲವು ಪುಸ್ತಕಗಳ ಮಾತಿನಲ್ಲಿ ಸಂತುಲಿತ. ಆ ಸ್ಥಿತಿಯಲ್ಲಿ ವಸ್ತುವಿಗಿರುವ ಬದಲಾಗದ ವೇಗಕ್ಕೆ ಅಂತಿಮ ವೇಗ ಅಥವಾ ಟರ್ಮಿನಲ್ ವೆಲಾಸಿಟಿ ಎಂದು ಹೆಸರು.

ಒಂದು ಬಟ್ಟಲಿನ ಮೊದಲ ಕಾಲು ಮೀಟರ್

ಕಪ್ ಕೇಕ್ ಇಡುವ, ಸುತ್ತ ನೆರಿಗೆ ಇರುವ ಕಾಗದದ ಬಟ್ಟಲು ನೋಡಿದ್ದೀರಲ್ಲ? ಅಂಥದ್ದೊಂದರ ದ್ರವ್ಯರಾಶಿ 0.4 ಗ್ರಾಮ್, ಬಾಯಿಯ ಅಗಲ 7 ಸೆಂ.ಮೀ. ಎಂದಿಟ್ಟುಕೊಳ್ಳಿ. ಭೂಮಿ ಅದನ್ನು ಎಳೆಯುವುದು ಹತ್ತಿರ ಹತ್ತಿರ 4 ಮಿಲಿನ್ಯೂಟನ್ ಬಲದಿಂದ. ಮಿಲಿನ್ಯೂಟನ್ ಎಂದರೆ ನ್ಯೂಟನ್ನಿನ ಸಾವಿರದ ಒಂದು ಪಾಲು. ಈ 4 ಬೀಳುವಾಗ ಕೊನೆಯವರೆಗೂ 4 ಆಗಿಯೇ ಇರುತ್ತದೆ. ಬದಲಾಗುವುದು ಗಾಳಿಯ ತಡೆ ಮಾತ್ರ.

ಕೈಬಿಟ್ಟ ಕ್ಷಣ ವೇಗ ಸೊನ್ನೆ, ತಡೆಯೂ ಸೊನ್ನೆ. ಫಲಿತ ಬಲ ಪೂರ್ತಿ 4. ಸುಮಾರು 3 ಸೆಂ.ಮೀ. ಬೀಳುವಷ್ಟರಲ್ಲಿ ವೇಗ ಸೆಕೆಂಡಿಗೆ 0.7 ಮೀಟರ್ ಆಗಿರುತ್ತದೆ. ತಡೆ ಆಗ 1 ಮಿಲಿನ್ಯೂಟನ್, ಫಲಿತ ಬಲ 3. ಬಟ್ಟಲು ಇನ್ನೂ ವೇಗ ಪಡೆಯುತ್ತಿದೆ, ಆದರೆ ಮೊದಲಿನ ರಭಸದ ಮುಕ್ಕಾಲು ಭಾಗದಲ್ಲಿ. 7 ಸೆಂ.ಮೀ. ದಾಟುವಾಗ ವೇಗ 1 ಮೀಟರ್, ತಡೆ 2, ಫಲಿತ ಬಲವೂ 2. ಕಾಲು ಮೀಟರ್ ಮುಗಿಯುವಾಗ ವೇಗ 1.4ಕ್ಕೆ ತೀರಾ ಹತ್ತಿರ ಬಂದಿರುತ್ತದೆ, ತಡೆಯೂ 4ರ ಹತ್ತಿರ. ಕಳೆದರೆ ಉಳಿಯುವುದು ಏನೂ ಇಲ್ಲವೆನ್ನುವಷ್ಟು.

ಇಲ್ಲಿ ಸ್ವಲ್ಪ ನಿಂತು ನೋಡಿ. ಫಲಿತ ಬಲ 4ರಿಂದ 3, 2, 1 ಎಂದು ಇಳಿಯುತ್ತಾ ಬರುವಾಗ ವೇಗ ಇಳಿಯಲಿಲ್ಲ, ಏರುತ್ತಲೇ ಇತ್ತು. ಇಳಿದದ್ದು ಏರುವ ರಭಸ, ಅಂದರೆ ವೇಗೋತ್ಕರ್ಷ. ಬ್ಯಾಂಕ್ ಖಾತೆಗೆ ದಿನಕ್ಕೆ 4 ರೂಪಾಯಿ ಹಾಕುತ್ತಿದ್ದವರು 3, 2, 1 ಎಂದು ಕಡಿಮೆ ಮಾಡಿ ಕೊನೆಗೆ ಹಾಕುವುದನ್ನೇ ನಿಲ್ಲಿಸಿದರು ಎಂದುಕೊಳ್ಳಿ. ಹಾಕುವುದು ನಿಂತಿತು ಅಂತ ಖಾತೆಯಲ್ಲಿದ್ದ ದುಡ್ಡು ಮಾಯವಾಗುತ್ತದೆಯೇ? ಹಾಕುವ ದುಡ್ಡು ಫಲಿತ ಬಲದ ಹಾಗೆ, ಖಾತೆಯಲ್ಲಿರುವ ದುಡ್ಡು ವೇಗದ ಹಾಗೆ.

ವೇಗ ಅರ್ಧವಿದ್ದಾಗ ತಡೆ ಅರ್ಧವಾಗದೆ ಕಾಲು ಪಾಲು ಆದದ್ದನ್ನೂ ಗಮನಿಸಿ. ಈ ಗಾತ್ರದ ವಸ್ತು ಗಾಳಿಯಲ್ಲಿ ಬೀಳುವಾಗ ತಡೆಯು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಪ್ರಯೋಗದಲ್ಲಿ ನಾವು ಹಿಡಿಯಬೇಕಾದ ಸೂತ್ರ ಇದು.

ಬೇಕಾಗುವ ಸಾಮಾನು

ನೆರಿಗೆ ಕಾಗದದ ಬಟ್ಟಲು 50. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಎಲ್ಲವೂ ಒಂದೇ ಕಟ್ಟಿನವು ಇರಲಿ. ಸೆಕೆಂಡಿಗೆ 60 ಫ್ರೇಮ್ ತೆಗೆಯುವ ವಿಡಿಯೊ ಇರುವ ಮೊಬೈಲು. ಫ್ರೇಮ್ ಎಂದರೆ ವಿಡಿಯೊದೊಳಗಿನ ಒಂದೊಂದು ಬಿಡಿ ಚಿತ್ರ. 4 ಮೀಟರ್ ಸಪೂರ ಹಗ್ಗ, ಅದಕ್ಕೆ ಕಟ್ಟಲು ನಾಲ್ಕು ಬಣ್ಣದ ಬಟ್ಟೆ ಚೂರು, ತುದಿಗೆ ಮೇಸ್ತ್ರಿಗಳ ತೂಗುಗುಂಡು ಅಥವಾ ಒಂದು ಕಲ್ಲು. ಟೈಲರ್ ಟೇಪು. ಒಂದು ಗೋಟಡಿಕೆ ಅಥವಾ ಹಣ್ಣಡಿಕೆ, ಹೋಲಿಸಿ ನೋಡಲಿಕ್ಕೆ. ಕ್ಯಾಲ್ಕ್ಯುಲೇಟರ್, ಗ್ರಾಫ್ ಹಾಳೆ.

ಜಾಗದ ವಿಷಯ ಇನ್ನೂ ಮುಖ್ಯ. ನೆಲದಿಂದ 3.2 ಮೀಟರ್ ಮೇಲಿಂದ ಬಿಡಬೇಕು. ಒಂದು ಮಾಳಿಗೆ ಇರುವ ಶಾಲೆಯ ಮೆಟ್ಟಿಲ ಹಾದಿಯೋ ಮೇಲಿನ ಜಗಲಿಯೋ ಸಾಕು. ಗ್ರಿಲ್ಲು ಅಥವಾ ಎದೆಮಟ್ಟದ ಕಟ್ಟೆ ಇದ್ದರೆ ಮಾತ್ರ ಮಾಡಿ. ಕಟ್ಟೆಯ ಮೇಲೆ ಹತ್ತಿ ನಿಲ್ಲುವುದು ಬೇಡ, ಬಾವಿಯ ದಂಡೆಯಂತೂ ಖಂಡಿತ ಬೇಡ.

ಕರಾವಳಿಯ ಪಕ್ಕದವರಾದರೆ ಬೆಳಗ್ಗೆ 9ರೊಳಗೆ ಮುಗಿಸಿ. ಬಿಸಿಲೇರಿದ ಹಾಗೆ ಕಡಲ ಗಾಳಿ ಸುರುವಾಗುತ್ತದೆ, 0.4 ಗ್ರಾಮಿನ ಬಟ್ಟಲಿಗೆ ಅಷ್ಟು ಗಾಳಿಯೇ ಧಾರಾಳವಾಯಿತು. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ: ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ನೆರಿಗೆ ಬಿಚ್ಚಿಕೊಂಡು ಆಕಾರ ಕೆಡುತ್ತದೆ. ಹಪ್ಪಳ ಇಡುವ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಬಿಡುವ ಹೊತ್ತಿಗೆ ಹೊರತೆಗೆಯಿರಿ.

ಮಾಡುವ ಕ್ರಮ

1. ತೂಗಿ. ಒಂದೇ ಬಟ್ಟಲನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಸೊನ್ನೆ ತೋರಿಸುತ್ತದೆ. 50ನ್ನೂ ಒಟ್ಟಿಗೆ ತೂಗಿ 50ರಿಂದ ಭಾಗಿಸಿ. ಒಟ್ಟು 20 ಗ್ರಾಮ್ ಬಂದರೆ ಒಂದರದ್ದು 0.4 ಗ್ರಾಮ್. ಕಾಸರಗೋಡಿನ ಅಕ್ಷಾಂಶದಲ್ಲಿ ಗುರುತ್ವದ ವೇಗೋತ್ಕರ್ಷ 9.78, ಪುಸ್ತಕದ 9.8 ಹಿಡಿದುಕೊಂಡರೆ ಧಾರಾಳ ಸಾಕು.

2. ಅಳತೆಯ ಹಗ್ಗ ಇಳಿಬಿಡಿ. ಬಿಡುವ ಜಾಗದ ಮಟ್ಟದಲ್ಲಿ ಮೊದಲ ಬಟ್ಟೆ ಚೂರು, ಅಲ್ಲಿಂದ ಒಂದೊಂದು ಮೀಟರಿಗೆ ಒಂದೊಂದು. ಕೊನೆಯದ್ದು ನೆಲದಿಂದ 20 ಸೆಂ.ಮೀ. ಮೇಲೆ ಇರಲಿ. ಹಗ್ಗಕ್ಕೆ ಗುಂಡು ಕಟ್ಟಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಹೊಸ ನೈಲಾನ್ ಹಗ್ಗ ಭಾರ ಬಿದ್ದಾಗ ಹಿಗ್ಗುತ್ತದೆ.

ಹೆಚ್ಚಿನವರು ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಲ್ಲೇ ಎಡವುತ್ತಾರೆ. ಬಟ್ಟಲು ಗೋಡೆಯಿಂದ 30 ಸೆಂ.ಮೀ. ಈಚೆ ಬೀಳುತ್ತಿದ್ದು ಮೊಬೈಲು ಬಟ್ಟಲಿನಿಂದ 4 ಮೀಟರ್ ದೂರದಲ್ಲಿದ್ದರೆ, ಗೋಡೆಯ 2 ಮೀಟರ್ ದಾಟಿದ ಹಾಗೆ ಕಾಣುವಾಗ ಬಟ್ಟಲು ನಿಜಕ್ಕೂ ಬಿದ್ದಿರುವುದು 1.86 ಮೀಟರ್. ನೂರಕ್ಕೆ ಏಳು ತಪ್ಪು, ಯಾರಿಗೂ ಗೊತ್ತಾಗದ ಹಾಗೆ. ಹಗ್ಗ ಇದ್ದರೆ ಬಟ್ಟಲನ್ನು ಅದರ ಪಕ್ಕದಲ್ಲೇ, ಮೊಬೈಲಿನಿಂದ ಅಷ್ಟೇ ದೂರದಲ್ಲಿ ಬೀಳಿಸಬಹುದು.

3. ಮೊಬೈಲು ಇಡಿ. 4ರಿಂದ 5 ಮೀಟರ್ ದೂರ, ನೆಲದಿಂದ 1.7 ಮೀಟರ್ ಎತ್ತರ, ಅಂದರೆ ಹಗ್ಗದ ನಡುಮಟ್ಟಕ್ಕೆ. ಕೈಯಲ್ಲಿ ಹಿಡಿಯಬೇಡಿ, ಕಪಾಟಿನ ಮೇಲೆ ಇಟ್ಟಿಗೆಗೆ ಒರಗಿಸಿಡಿ. ಬೆಳಕು ಚೆನ್ನಾಗಿರಲಿ. ಮಂದ ಬೆಳಕಿನಲ್ಲಿ ಹಲವು ಮೊಬೈಲುಗಳು ತಾವಾಗಿಯೇ ಫ್ರೇಮ್ ಸಂಖ್ಯೆ ಇಳಿಸಿಬಿಡುತ್ತವೆ, 60 ಅಂದುಕೊಂಡು ಲೆಕ್ಕ ಹಾಕಿದ್ದು 30 ಆಗಿರುತ್ತದೆ. ಸ್ಲೋ ಮೋಷನ್ ಬಳಸುವುದಾದರೆ ತೆರೆಯ ಮೇಲೆ ಕಾಣುವ ಸಮಯ ಹಿಗ್ಗಿಸಿದ ಸಮಯ ಎಂಬುದು ನೆನಪಿರಲಿ, ಫ್ರೇಮ್ ಎಣಿಸುವುದೇ ಸುರಕ್ಷಿತ.

4. ಬಿಡಿ. ಬಟ್ಟಲಿನ ತಳ ಕೆಳಗೆ, ಬಾಯಿ ಮೇಲೆ. ಅಂಚನ್ನು ಎದುರುಬದುರು ಎರಡು ಬೆರಳಿನಲ್ಲಿ ಹಗುರಕ್ಕೆ ಹಿಡಿದು ಎರಡನ್ನೂ ಒಟ್ಟಿಗೆ ಅಗಲಿಸಿ. ತಳ್ಳಬಾರದು, ಮೇಲಕ್ಕೆ ಎಸೆಯಬಾರದು. ತಲೆಕೆಳಗಾಗಿ ಬಿಟ್ಟರೆ ಓಲಾಡುತ್ತಾ ಮಗುಚಿ ಬೀಳುತ್ತದೆ, ಆ ಅಳತೆ ಲೆಕ್ಕಕ್ಕಿಲ್ಲ. ಒಂದು ಬಟ್ಟಲನ್ನು ಐದು ಸಲ ಬಿಡಿ. ಆಮೇಲೆ ಎರಡನ್ನು ಒಂದರೊಳಗೊಂದು ಕೂರಿಸಿ ಐದು ಸಲ, ಮೂರನ್ನು, ನಾಲ್ಕನ್ನು. ಕೂರಿಸುವಾಗ ಒತ್ತಿ ಕೂರಿಸಿ, ಹೊರಗಿನ ಆಕಾರ ಒಂದೇ ಇರಬೇಕು. ನಾವು ಬದಲಿಸುತ್ತಿರುವುದು ತೂಕವೊಂದನ್ನೇ. ಕೊನೆಗೆ ಅಡಿಕೆಯನ್ನು ಐದು ಸಲ. ಕೆಳಗೆ ಯಾರೂ ನಿಂತಿರಬಾರದು.

5. ಫ್ರೇಮ್ ಎಣಿಸಿ. ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆಯಿರಿ. ಇಂಗ್ಲಿಷ್ ‘ಇ’ ಅಕ್ಷರದ ಕೀ ಒತ್ತಿದ ಹಾಗೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಶಾಲೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಇದೇ ಕ್ರಮ. ಬಟ್ಟಲಿನ ತಳ ಒಂದೊಂದು ಬಟ್ಟೆ ಚೂರನ್ನು ದಾಟುವ ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಒಮ್ಮೆ ತಳ, ಇನ್ನೊಮ್ಮೆ ಅಂಚು ನೋಡಿ ಬರೆದರೆ ಎಲ್ಲ ಕೆಟ್ಟಿತು.

ಏನು ಬರಬೇಕು?

ಮೇಲೆ ಹೇಳಿದ ಅಳತೆಯ ಬಟ್ಟಲಿಗೆ ಲೆಕ್ಕ ಹಾಕಿದರೆ ಮೊದಲ ಮೀಟರಿಗೆ 49 ಫ್ರೇಮ್, ಎರಡನೆಯದಕ್ಕೆ 43, ಮೂರನೆಯದಕ್ಕೆ 43. ನಾಲ್ಕು ಬಟ್ಟಲಿನ ಕಟ್ಟಿಗೆ 33, 22, 21. ಅಡಿಕೆಗೆ 27, 11, 9. ನಿಮ್ಮ ಬಟ್ಟಲಿನ ಅಗಲ, ಕಾಗದದ ದಪ್ಪ ಬೇರೆಯಾದರೆ ಅಂಕಿಗಳೂ ಬೇರೆಯಾಗುತ್ತವೆ. ಅಂಕಿ ಹೀಗೇ ಬರಬೇಕೆಂದು ತಿದ್ದಿ ಬರೆಯುವ ಚಟ ಬೇಡ, ತೀರ್ಪುಗಾರರು ಎರಡೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ನೋಡಬೇಕಾದದ್ದು ಅಂಕಿಗಳ ನಡೆಯನ್ನು. ಬಟ್ಟಲಿಗೆ ಎರಡನೇ ಮೀಟರೂ ಮೂರನೇ ಮೀಟರೂ ಒಂದೇ ಸಮಯ ಹಿಡಿಯಿತು. ಸಮಾನ ದೂರ, ಸಮಾನ ಸಮಯ, ಅಂದರೆ ವೇಗ ಬದಲಾಗಿಲ್ಲ, ಅಂದರೆ ಫಲಿತ ಬಲ ಸೊನ್ನೆ. ಆದರೂ ಬಟ್ಟಲು ಬೀಳುತ್ತಿದೆ! ಈ ಎರಡು 43ಗಳೇ ಶುರುವಿನ ಪ್ರಶ್ನೆಗೆ ಉತ್ತರ. ಅಡಿಕೆಗಾದರೋ 27, 11, 9 ಎಂದು ಸಮಯ ಕುಗ್ಗುತ್ತಲೇ ಹೋಗುತ್ತದೆ. ಅದರ ಮೇಲಿನ ಬಲಗಳು ನೆಲ ಮುಟ್ಟುವವರೆಗೂ ಸಮವಾಗಲಿಲ್ಲ.

ಒಂದೆರಡು ಫ್ರೇಮ್ ಹೆಚ್ಚುಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಮೀಟರಿಗಿಂತ ಮೂರನೆಯದ್ದು ಐದಾರು ಫ್ರೇಮ್ ಹೆಚ್ಚಿದ್ದರೆ ಬಟ್ಟಲು ಓಲಾಡಿದೆ ಅಥವಾ ಕೆಳಗಿನಿಂದ ಗಾಳಿ ಬೀಸಿದೆ. ಐದರಲ್ಲಿ ಓಲಾಡಿದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ, ಬಿಟ್ಟದ್ದನ್ನು ಯಾಕೆ ಬಿಟ್ಟಿರಿ ಎಂದು ಪಕ್ಕದಲ್ಲಿ ಬರೆಯಿರಿ.

6. ವೇಗ ಲೆಕ್ಕ ಹಾಕಿ. ಕೊನೆಯ 2 ಮೀಟರ್ ಮಾತ್ರ ತೆಗೆದುಕೊಳ್ಳಿ. ಒಂದು ಬಟ್ಟಲಿಗೆ 86 ಫ್ರೇಮ್, 60ರಿಂದ ಭಾಗಿಸಿದರೆ 1.43 ಸೆಕೆಂಡ್, 2ನ್ನು 1.43ರಿಂದ ಭಾಗಿಸಿದರೆ ಸೆಕೆಂಡಿಗೆ 1.4 ಮೀಟರ್. ನಾಲ್ಕು ಬಟ್ಟಲಿಗೆ 43 ಫ್ರೇಮ್, 0.72 ಸೆಕೆಂಡ್, 2.8 ಮೀಟರ್. ತೂಕ ನಾಲ್ಕು ಪಟ್ಟು, ವೇಗ ಎರಡೇ ಪಟ್ಟು. ನಾಲ್ಕು ಪಟ್ಟು ತೂಕಕ್ಕೆ ಸರಿಗಟ್ಟಲು ನಾಲ್ಕು ಪಟ್ಟು ತಡೆ ಬೇಕು, ಅಷ್ಟು ತಡೆ ಎರಡು ಪಟ್ಟು ವೇಗದಲ್ಲೇ ಸಿಕ್ಕಿಬಿಡುತ್ತದೆ.

ಬಿಟ್ಟಲ್ಲಿಂದ ಪೂರ್ತಿ 3 ಮೀಟರಿನ ಸಮಯ ಹಿಡಿದವರಿಗೆ ಈ ಎರಡು ಪಟ್ಟು ಸಿಗುವುದಿಲ್ಲ. 135 ಫ್ರೇಮ್, 76 ಫ್ರೇಮ್ ಬಂದು ಅನುಪಾತ 1.78ಕ್ಕೆ ನಿಲ್ಲುತ್ತದೆ. ಮೊದಲ ಮೀಟರಿನಲ್ಲಿ ವೇಗ ಏರುತ್ತಿದ್ದ ಭಾಗವೂ ಅದರೊಳಗೆ ಸೇರಿಕೊಂಡದ್ದೇ ಕಾರಣ. ಒಂದು ಬಟ್ಟಲು ಅಂತಿಮ ವೇಗದ ನೂರಕ್ಕೆ 95 ಮುಟ್ಟಲು 23 ಸೆಂ.ಮೀ. ಸಾಕು, ನಾಲ್ಕಕ್ಕೆ 93 ಸೆಂ.ಮೀ. ಬೇಕು. ಹಾಗಾಗಿ ಆರು, ಎಂಟು ಬಟ್ಟಲು ಪೇರಿಸಿ ಇದೇ ಎತ್ತರದಲ್ಲಿ ಮಾಡಬೇಡಿ, ಅವಕ್ಕೆ ಒಂದು ಮೀಟರಿನ ಓಟ ಸಾಲದು.

7. ಗ್ರಾಫ್ ಎಳೆಯಿರಿ. ಅಡ್ಡಕ್ಕೆ ಬಟ್ಟಲುಗಳ ಸಂಖ್ಯೆ, ನೆಟ್ಟಗೆ ವೇಗದ ವರ್ಗ. ನಮ್ಮ ಲೆಕ್ಕದಲ್ಲಿ 1, 2, 3, 4ಕ್ಕೆ ಕ್ರಮವಾಗಿ 2.0, 3.9, 5.9, 7.8. ಬಿಂದುಗಳು ಸೊನ್ನೆಯಿಂದ ಹೊರಟ ನೇರ ಗೆರೆಯಲ್ಲಿ ಕೂರಬೇಕು. ವರ್ಗದ ಬದಲು ಬರೀ ವೇಗವನ್ನೇ ಗುರುತಿಸಿದರೆ ಗೆರೆ ಬಾಗುತ್ತದೆ. ಎರಡನ್ನೂ ಅಕ್ಕಪಕ್ಕ ಎಳೆದು ತೋರಿಸುವುದು ಒಳ್ಳೆಯದು.

ಬಾಣ ಎಳೆಯುವಾಗ ಆಗುವ ತಪ್ಪುಗಳು

ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲಿ. ವಸ್ತುವನ್ನು ಒಂದು ಚೌಕವಾಗಿ ಬರೆದು ಅದರ ನಡುವಿನಿಂದ ಕೆಳಕ್ಕೆ ತೂಕದ ಬಾಣ, ಮೇಲಕ್ಕೆ ತಡೆಯ ಬಾಣ. ಉದ್ದಕ್ಕೆ ಅರ್ಥ ಇದೆ. ಒಂದು ಮಿಲಿನ್ಯೂಟನ್ನಿಗೆ ಒಂದು ಸೆಂ.ಮೀ. ಎಂದಿಟ್ಟುಕೊಂಡರೆ ತೂಕದ ಬಾಣ ಎಲ್ಲ ಚಿತ್ರದಲ್ಲೂ 4 ಸೆಂ.ಮೀ., ತಡೆಯದ್ದು ಸೊನ್ನೆ, 1, 2, 4.

ವೇಗಕ್ಕೆಂದು ಒಂದು ಕೆಳಬಾಣವನ್ನು ಬಲಗಳ ಜೊತೆಗೇ ಎಳೆಯುವ ಅಭ್ಯಾಸ ಹಲವರಿಗಿದೆ. ‘ಬೀಳುತ್ತಿದೆಯಲ್ಲ, ಕೆಳಗೆ ಒಂದು ಬಲ ಹೆಚ್ಚಿರಲೇಬೇಕು’ ಎಂಬ ಅಂದಾಜಿನಿಂದ ಹುಟ್ಟಿದ ಬಾಣ ಅದು. ಅಂಥ ಬಲ ಇಲ್ಲ. ವೇಗ ತೋರಿಸಲೇಬೇಕೆಂದರೆ ಚೌಕದ ಹೊರಗೆ, ಬೇರೆ ಬಣ್ಣದಲ್ಲಿ.

ಎರಡನೆಯದ್ದು ನ್ಯೂಟನ್ನನ ಮೂರನೇ ನಿಯಮವನ್ನು ಇಲ್ಲಿಗೆ ಎಳೆದು ತರುವುದು. ತೂಕ ಮತ್ತು ತಡೆ ಸಮವೂ ವಿರುದ್ಧವೂ ಆಗಿವೆ, ಹಾಗಾಗಿ ಅವು ಕ್ರಿಯೆ ಮತ್ತು ಪ್ರತಿಕ್ರಿಯೆ ಎಂದು ಬರೆದರೆ ತಪ್ಪು. ಕ್ರಿಯೆ, ಪ್ರತಿಕ್ರಿಯೆ ಎರಡು ಬೇರೆ ಬೇರೆ ವಸ್ತುಗಳ ಮೇಲೆ ಇರುತ್ತವೆ. ಭೂಮಿ ಬಟ್ಟಲನ್ನು ಎಳೆದದ್ದಕ್ಕೆ ಪ್ರತಿಕ್ರಿಯೆ ಬಟ್ಟಲು ಭೂಮಿಯನ್ನು ಎಳೆಯುವುದು. ಗಾಳಿ ಬಟ್ಟಲನ್ನು ತಳ್ಳಿದ್ದಕ್ಕೆ ಪ್ರತಿಕ್ರಿಯೆ ಬಟ್ಟಲು ಗಾಳಿಯನ್ನು ತಳ್ಳುವುದು. ತೂಕ ಮತ್ತು ತಡೆ ಎರಡೂ ಒಂದೇ ಬಟ್ಟಲಿನ ಮೇಲಿನವು. ಕೈಬಿಟ್ಟ ಕ್ಷಣದಲ್ಲಿ ಅವು ಸಮವಾಗಿರಲೂ ಇಲ್ಲ, ಕ್ರಿಯೆ ಪ್ರತಿಕ್ರಿಯೆಯಾಗಿದ್ದರೆ ಯಾವ ಕ್ಷಣವೂ ಸಮವಾಗಿಯೇ ಇರಬೇಕಿತ್ತು.

‘ಗುರುತ್ವ ನಿಂತುಹೋಯಿತು’ ಎಂದು ಬರೆಯುವವರೂ ಇದ್ದಾರೆ. ನಿಲ್ಲಲಿಲ್ಲ. ಅದು 4, ಕೊನೆಗೂ 4.

ಇನ್ನು ಚಂದ್ರನ ಕಥೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗಿಡುಗದ ಗರಿಯನ್ನು ಒಟ್ಟಿಗೆ ಕೈಬಿಟ್ಟರು, ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿ ಗಾಳಿ ಇಲ್ಲ, ತಡೆ ಇಲ್ಲ, ಸಮತೋಲನದ ಮಾತೇ ಇಲ್ಲ. ಇದನ್ನು ಪಾಠದ ಶುರುವಿಗೇ ಹೇಳುವುದು ನನಗೆ ಸರಿಕಾಣುವುದಿಲ್ಲ. ‘ಎಲ್ಲವೂ ಒಟ್ಟಿಗೇ ಬೀಳುತ್ತದೆ’ ಎಂಬುದು ಮಕ್ಕಳ ತಲೆಯಲ್ಲಿ ಕೂತು, ಕಣ್ಣೆದುರು ಒಂದು ಬಟ್ಟಲು ನಾಲ್ಕು ಬಟ್ಟಲಿಗಿಂತ ನಿಧಾನ ಬಿದ್ದರೂ ನಂಬದ ಹಾಗಾಗುತ್ತದೆ. ಮೊದಲು ಗಾಳಿಯಲ್ಲಿ ಅಳೆಯಲಿ, ಚಂದ್ರ ಆಮೇಲೆ.

ತೆಂಗಿನಕಾಯಿ, ಮಳೆ, ಮದ್ದು

ಪ್ರತಿ ಬೀಳುವ ವಸ್ತುವೂ ಅಂತಿಮ ವೇಗ ಮುಟ್ಟುತ್ತದೆ ಎಂದುಕೊಳ್ಳಬೇಡಿ. ಸಿಪ್ಪೆ ಸಮೇತ ಒಂದೂವರೆ ಕಿಲೊದ ತೆಂಗಿನಕಾಯಿ 15 ಮೀಟರ್ ಮರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಆಗಲೂ ಗಾಳಿಯ ತಡೆ ಅದರ ತೂಕದ ಆರನೇ ಒಂದು ಪಾಲು ಮಾತ್ರ. ಸಮವಾಗಬೇಕಾದರೆ ಸೆಕೆಂಡಿಗೆ 40 ಮೀಟರ್ ವೇಗ ಬೇಕು, ಆ ವೇಗ ಬರುವಷ್ಟು ಎತ್ತರದ ಮರ ಯಾರ ಹಿತ್ತಿಲಲ್ಲೂ ಇಲ್ಲ. ತೆಂಗಿನಕಾಯಿಗೆ ಗಾಳಿ ಲೆಕ್ಕಕ್ಕೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಆದರೆ ಹತ್ತನೇ ತರಗತಿಯ ಲೆಕ್ಕಕ್ಕೆ ನಡೆಯುತ್ತದೆ.

ಮಳೆಹನಿ ಇದಕ್ಕೆ ತದ್ವಿರುದ್ಧ. 2 ಮಿ.ಮೀ. ಹನಿಯ ಅಂತಿಮ ವೇಗ ಸೆಕೆಂಡಿಗೆ ಸುಮಾರು 6.5 ಮೀಟರ್, 5 ಮಿ.ಮೀ. ದೊಡ್ಡ ಹನಿಗೆ 9ರ ಆಸುಪಾಸು. ಗಾಳಿ ಇಲ್ಲದಿದ್ದರೆ 2 ಕಿ.ಮೀ. ಮೇಲಿಂದ ಬಿದ್ದ ಹನಿ ಸೆಕೆಂಡಿಗೆ 200 ಮೀಟರ್ ಹತ್ತಿರದ ವೇಗದಲ್ಲಿ ಬಂದು ಬಡಿಯುತ್ತಿತ್ತು, ಗಂಟೆಗೆ 700 ಕಿ.ಮೀ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮಲ್ಲಿ ಕೊಡೆಯ ಬಟ್ಟೆ ತೂತಾಗದೆ ಉಳಿದಿರುವುದು ಬಲಗಳು ಮೋಡದ ಕೆಳಗೇ ಸಮವಾಗಿಬಿಡುವುದರಿಂದ.

ಹನಿ ಇನ್ನೂ ಸಣ್ಣದಾದರೆ? ಅಡಿಕೆಗೆ ಮದ್ದು ಬಿಡುವಾಗ ನೋಡಿ. ನಾಝಲಿನಿಂದ 0.1 ಮಿ.ಮೀ. ಗಾತ್ರದ ಮಂಜಿನಂಥ ಹನಿ ಬಂದರೆ ಅದರ ಅಂತಿಮ ವೇಗ ಸೆಕೆಂಡಿಗೆ 30 ಸೆಂ.ಮೀ. ಒಳಗೆ. 10 ಮೀಟರ್ ಇಳಿಯಲು ಅರ್ಧ ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಗಾಳಿ ಅದನ್ನು ಪಕ್ಕದ ತೋಟಕ್ಕೆ ಒಯ್ದಿರುತ್ತದೆ, ನಮ್ಮ ಗೊನೆಗೆ ಕೂರುವುದು ಕಡಿಮೆ.

ಪ್ಯಾರಾಶೂಟಿನದ್ದೊಂದು ಪ್ರಶ್ನೆ ಪರೀಕ್ಷೆಗೆ ಬರುವುದುಂಟು. ಕೈಕಾಲು ಚಾಚಿ ಬೀಳುವ ಮನುಷ್ಯನ ಅಂತಿಮ ವೇಗ ಸೆಕೆಂಡಿಗೆ 55 ಮೀಟರ್ ಆಸುಪಾಸು. ಪ್ಯಾರಾಶೂಟ್ ಬಿಚ್ಚಿದ ತಕ್ಷಣ ತಡೆ ತೂಕಕ್ಕಿಂತ ಬಹಳ ಹೆಚ್ಚಾಗುತ್ತದೆ, ಫಲಿತ ಬಲ ಮೇಲ್ಮುಖ. ಆದರೆ ಮನುಷ್ಯ ಮೇಲೆ ಹೋಗುವುದಿಲ್ಲ, ಕೆಳಗೇ ಬರುತ್ತಾ ನಿಧಾನವಾಗುತ್ತಾನೆ. 5ರಿಂದ 6 ಮೀಟರ್ ವೇಗಕ್ಕೆ ಇಳಿದಾಗ ಬಲಗಳು ಮತ್ತೊಮ್ಮೆ ಸಮ. ವಿಡಿಯೊಗಳಲ್ಲಿ ಆತ ಮೇಲಕ್ಕೆ ಚಿಮ್ಮಿದ ಹಾಗೆ ಕಾಣುವುದು ಕ್ಯಾಮೆರಾ ಹಿಡಿದವನು ಇನ್ನೂ 55ರಲ್ಲೇ ಬೀಳುತ್ತಿರುವುದರಿಂದ.

ಎಣ್ಣೆಯಲ್ಲಿ ಮೂರನೆಯ ಬಲ

8. ಗಾಳಿಯ ಪ್ರಯೋಗ ಮುಗಿದ ಮೇಲೆ, ಪುರುಸೊತ್ತಿದ್ದರೆ ಇದು. ಲ್ಯಾಬಿನ 250 ಮಿ.ಲೀ. ಅಳತೆ ಜಾಡಿಗೆ ಹರಳೆಣ್ಣೆ ತುಂಬಿ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ, ಏನೂ ಬೆರೆಸದ ಎಣ್ಣೆ. ಸೈಕಲ್ ಫ್ರೀವೀಲಿನೊಳಗಿನ 3 ಮಿ.ಮೀ. ಆಸುಪಾಸಿನ ಸ್ಟೀಲ್ ಬಾಲ್ಸು ನಾಲ್ಕಾರು. ಎಣ್ಣೆಯ ಮಟ್ಟದಿಂದ 5 ಸೆಂ.ಮೀ. ಕೆಳಗೆ ಒಂದು ರಬ್ಬರ್ ಬ್ಯಾಂಡ್, ಮತ್ತೆ 5 ಸೆಂ.ಮೀ.ಗೆ ಒಂದರಂತೆ ಇನ್ನೆರಡು.

ತೆಂಗಿನೆಣ್ಣೆ ಮನೆಯಲ್ಲೇ ಇದೆಯಲ್ಲ ಎಂದು ಅದನ್ನೇ ಹಾಕುವವರುಂಟು. ಅದು ತೀರಾ ನೀರು, ಬಾಲ್ಸು ಸರ್ರನೆ ಇಳಿದುಹೋಗುತ್ತದೆ. ಗ್ಲಿಸರಿನ್ ಆಗಬಹುದು, ಆದರೆ ಮಳೆಗಾಲದ ಗಾಳಿಯಿಂದ ನೀರು ಹೀರಿಕೊಂಡು ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಶಾಂಪೂ ಬೇಡವೇ ಬೇಡ, ಒಳಗೆ ಸೇರಿದ ಗಾಳಿಗುಳ್ಳೆ ಬಿಟ್ಟುಹೋಗುವುದಿಲ್ಲ.

ಬಾಲ್ಸನ್ನು ಮೊದಲು ಬೇರೆ ಬಟ್ಟಲಿನ ಎಣ್ಣೆಯಲ್ಲಿ ಹೊರಳಿಸಿ, ಅಂಟಿದ ಗಾಳಿ ಹೋಗಲಿ. ಚಿಮುಟದಲ್ಲಿ ಹಿಡಿದು ಜಾಡಿಯ ನಡುವೆ, ಎಣ್ಣೆಗೆ ತಾಗಿಸಿ ಬಿಡಿ. ಅಂಚಿಗೆ ಹತ್ತಿರ ಬಿದ್ದರೆ ನಿಧಾನವಾಗುತ್ತದೆ. 30 ಡಿಗ್ರಿಯಲ್ಲಿ ಒಂದೊಂದು 5 ಸೆಂ.ಮೀ.ಗೆ 60ರ ವಿಡಿಯೊದಲ್ಲಿ 40 ಫ್ರೇಮ್ ಆಸುಪಾಸು ಬರಬೇಕು, ಎರಡು ಭಾಗಕ್ಕೂ ಸಮವಾಗಿ. ಬೆಳಗ್ಗೆ ತೆಗೆದ ಅಳತೆಯನ್ನು ಮಧ್ಯಾಹ್ನದ್ದರ ಜೊತೆ ಸೇರಿಸಬೇಡಿ: 20ರಿಂದ 30 ಡಿಗ್ರಿಗೆ ಏರಿದರೆ ಹರಳೆಣ್ಣೆಯ ಸ್ನಿಗ್ಧತೆ, ಅಂದರೆ ಅದರ ಗಟ್ಟಿ ಜಿಗುಟು, ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಇಲ್ಲಿ ಬಾಣ ಎರಡಲ್ಲ, ಮೂರು. ಕೆಳಕ್ಕೆ ತೂಕ. ಮೇಲಕ್ಕೆ ತಡೆ, ಅದರ ಜೊತೆಗೆ ಪ್ಲವನ ಬಲ, ಅಂದರೆ ದ್ರವವು ಮುಳುಗಿದ ವಸ್ತುವನ್ನು ಎತ್ತಿಹಿಡಿಯುವ ಬಲ. ಬಾಲ್ಸಿನ ತೂಕ 100 ಎಂದಿಟ್ಟುಕೊಂಡರೆ ಹರಳೆಣ್ಣೆಯ ಪ್ಲವನ ಬಲ 12, ಉಳಿದ 88 ತಡೆಯದ್ದು. ಬಾಲ್ಸು ನಿಂತಿದ್ದರೂ ಆ 12 ಇರುತ್ತದೆ, 88 ಹುಟ್ಟುವುದು ಚಲಿಸಿದಾಗ ಮಾತ್ರ. ಕಾಗದದ ಬಟ್ಟಲಿಗೂ ಗಾಳಿಯ ಪ್ಲವನ ಬಲ ಇತ್ತು, ತೂಕದ ಐನೂರರಲ್ಲಿ ಒಂದು ಪಾಲಿನಷ್ಟು, ಅದಕ್ಕೇ ಅಲ್ಲಿ ಆ ಬಾಣ ಎಳೆಯಲಿಲ್ಲ.

ಬಿದ್ದ ಬಾಲ್ಸನ್ನು ತೆಗೆಯಲು ಎಣ್ಣೆ ಚೆಲ್ಲಬೇಕಾಗಿಲ್ಲ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಜಾಡಿಯ ಹೊರಗೆ ತಾಗಿಸಿ ಮೆಲ್ಲ ಮೇಲಕ್ಕೆ ಎಳೆದರೆ ಗೋಡೆಗೆ ಅಂಟಿಕೊಂಡೇ ಬರುತ್ತದೆ. ಅಳತೆ ತೆಗೆಯುವಾಗ ಮಾತ್ರ ಆ ಆಯಸ್ಕಾಂತವನ್ನು ಮೇಜಿನಿಂದ ದೂರ ಇಡಿ, ಪಕ್ಕದಲ್ಲೇ ಇದ್ದರೆ ಬಾಲ್ಸು ಅದರ ಕಡೆಗೆ ವಾಲಿಕೊಂಡು ಬೀಳುತ್ತದೆ, ನಾಲ್ಕನೆಯದೊಂದು ಬಲ ಸೇರಿಕೊಂಡಿರುತ್ತದೆ.